ಹನ್ನೊಂದು ಸೆಂಟಿಮೀಟರ್

ಮಾರ್ಚ್ 3, ಬೆಳಿಗ್ಗೆ 9
ಹಿಮನದಿ ಮೇಲಿನ ಕಂಬದಿಂದ ಡೇಟಾ ಬಂತು. ತುದಿಯ ಸೆನ್ಸರ್ ಕೆಳಕ್ಕೆ ಸದ್ದು ಬಿಡುತ್ತದೆ. ಪ್ರತಿಧ್ವನಿ ಬರುವ ಹೊತ್ತಿನಿಂದ ಹಿಮದ ಎತ್ತರದ ಲೆಕ್ಕ. ಚಳಿಗೆ ಸದ್ದೂ ನಿಧಾನ — ಆ ತಿದ್ದುಪಡಿ ಮುಗಿಸಿದೆ. ಹಳೆಯ ತಕರಾರು ಮಾತ್ರ ಹಾಗೇ ಇದೆ. ಅಪ್ಪ ಹತ್ತೊಂಬತ್ತು ವರ್ಷ, ವರ್ಷಕ್ಕೊಮ್ಮೆ ಹೋಗಿ ಸೆನ್ಸರ್‌ನಿಂದ ಹಿಮದವರೆಗೆ ಟೇಪು ಇಳಿಬಿಟ್ಟು ಲೆಕ್ಕ ಹಾಕಿದ ಎತ್ತರ, ಸೆನ್ಸರ್ ಹೇಳುವುದಕ್ಕಿಂತ ಸುಮಾರು ಹನ್ನೊಂದು ಸೆಂಟಿಮೀಟರ್ ಕಡಿಮೆ. ಅವರು ನಿವೃತ್ತರಾದ ಮೇಲೆ ಹೋದವರದು ಸರಿಯಾಗಿ ಕೂಡುತ್ತದೆ.

ಮಾರ್ಚ್ 5
ಲ್ಯಾಬಿನ ಮುಖ್ಯಸ್ಥೆ ಮೇಡಂ ಕರೆದರು. "ನಿಮ್ಮಪ್ಪಂದು ಅಂತ ಹೇಳೋಕೇ ಕಷ್ಟ ಆಗ್ತಿದೆ. ಆದ್ರೆ ಕಾರಣ ಗೊತ್ತಿಲ್ದೆ ತಿದ್ದೋ ಹಾಗಿಲ್ಲ. ಶುಕ್ರವಾರದೊಳಗೆ ಸಿಗದಿದ್ರೆ ಅವರ ಅಳತೆ ಅಷ್ಟನ್ನೂ ಬಿಟ್ಟುಬಿಡೋಣ."
ತಲೆಯಾಡಿಸಿ ಬಂದೆ. ಟಾಯ್ಲೆಟ್‌ನಲ್ಲಿ ನಲ್ಲಿ ತಿರುಗಿಸಿ ಅತ್ತೆ. ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಮಾರ್ಚ್ 6, ಸಂಜೆ
ಅಮ್ಮನಿಗೆ ಹೇಳಿದೆ. ಕೆಂಡವಾದಳು. "ಅಳೆಯೋದ್ರಲ್ಲಿ ತಪ್ಪಾ? ನಿಮ್ಮಪ್ಪ ಪರದೆ ಬಟ್ಟೆನೂ ಮೂರ್ಮೂರು ಸಲ ಅಳೆದು, ಅಂಗಡಿಯವನ ಹತ್ರ ಬೈಸ್ಕೊಂಡು ಬರ್ತಿದ್ರು!"
ಬೀರುವಿನಿಂದ ಫೋಟೊ ತಂದು ಮುಖಕ್ಕೆ ಹಿಡಿದಳು. ಅಪ್ಪ, ಕಂಬ, ಟೇಪ್. ಸೆನ್ಸರ್‌ನ ನೇರ ಕೆಳಗೆ ನಿಂತು, ಕೈ ಚಾಚಿ...
"ಕುಳ್ಳ ಅಂತ ಎಲ್ರೂ ಆಡ್ಕೊಳ್ಳೋರು. ದೂರ ನಿಂತ್ರೆ ಸೆನ್ಸರ್‌ಗೆ ಕೈ ಎಟಕಬೇಕಲ್ಲ!"
ಕಾಲು ನೋಡಿದೆ. ಬೂಟು ಹಿಮದಲ್ಲಿ ಹೂತಿದೆ. ಟೇಪಿನ ಕೆಳತುದಿ ಆ ಗುಳಿಯೊಳಗೇ ಇದೆ. ಹಿಮದ ಮೇಲಲ್ಲ! ಟೇಪು ಉದ್ದವಾದಷ್ಟೂ ಹಿಮದ ಎತ್ತರ ಕಡಿಮೆ ಬರುತ್ತದೆ.
"ಅಮ್ಮಾ" ಅಂದೆ. ಫೋಟೊ ಚೀಲಕ್ಕೆ ಹಾಕಿಕೊಂಡೆ.

ಮಾರ್ಚ್ 7
ಮೇಡಂ ಫೋಟೊ ತುಂಬ ಹೊತ್ತು ನೋಡಿದರು. "ಈಗಿನವರು ಕಾಲು ಹೂತುಹೋಗದ ಹಾಗೆ ಹಲಗೆ ಹಾಕಿ ನಿಲ್ತಾರೆ, ನಿಜ. ಆದ್ರೆ ಒಂದು ಫೋಟೊ ಸಾಲದು. ಏಪ್ರಿಲ್ ತಂಡದ ಜೊತೆ ನೀವೇ ಹೋಗ್ಬನ್ನಿ. ಅಲ್ಲೀವರೆಗೆ ಏನೂ ಅಳಿಸಲ್ಲ."

ಏಪ್ರಿಲ್ 19, ಮಧ್ಯಾಹ್ನ 1, ಕಂಬದ ಬಳಿ
ಬೆರಳು ಮರಗಟ್ಟಿದೆ. ಅಕ್ಷರ ಕಾಗೆಕಾಲು, ಗುಬ್ಬಿಕಾಲು. ಹಲಗೆ ಮೇಲೆ ನಿಂತು ಅಳೆದೆ — ಸೆನ್ಸರ್ ಜೊತೆ ಕೂಡಿತು. ಆಮೇಲೆ ಅಪ್ಪನ ಬೂಟು ಹಾಕಿಕೊಂಡು, ಅವರಂತೆಯೇ ನಿಂತೆ. ಎಂಟು ಸೆಂಟಿಮೀಟರ್ ಕಡಿಮೆ. ಬರೀ ಎಂಟು!
ತಂಡದ ಮೆಕ್ಯಾನಿಕ್ ಅಪ್ಪನ ಜೊತೆ ಆರು ಸಲ ಬಂದವನು. "ನಿಮ್ಮಪ್ಪ ಬೆನ್ನ ಮೇಲಿನ ಟೂಲ್ ಬ್ಯಾಗ್ ಇಳಿಸ್ತಾನೇ ಇರ್ಲಿಲ್ಲ" ಎಂದು ತನ್ನದನ್ನು ನನಗೆ ಹೊರಿಸಿದ.
ಕಾಲು ಇನ್ನಷ್ಟು ಇಳಿಯಿತು. ಹನ್ನೊಂದು.
ಹತ್ತೊಂಬತ್ತು ವರ್ಷವೂ ಉಳಿಯಿತು. ಇನ್ನು ಪ್ರತಿಯೊಂದರಲ್ಲೂ ಅಪ್ಪನ ಹೆಜ್ಜೆಯ ಆಳದಷ್ಟು ತಿದ್ದಿದರೆ ಆಯಿತು.
ಗುಳಿ ಮುಚ್ಚದಿದ್ದರೆ ಸೆನ್ಸರ್ ಅದನ್ನೇ ಅಳೆಯುತ್ತದೆ. ಮೆಕ್ಯಾನಿಕ್ ಸಲಿಕೆ ಹಿಡಿದು ಕಾಯುತ್ತಿದ್ದಾನೆ. "ಒಂದ್ನಿಮಿಷ" ಅಂದಿದ್ದೇನೆ. ಕಾಲು ಇನ್ನೂ ತೆಗೆದಿಲ್ಲ. ಅಪ್ಪ ಇಲ್ಲೇ, ಹೀಗೇ ನಿಂತು...