ಬಾಗಿಲ ಕೆಳಗಿನ ಟವೆಲ್

ಆಪಾ,

ಇವತ್ತು ಸಂತೆಯಿಂದ ಬರುವಾಗ ನನ್ನ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಏನಿತ್ತು ಗೊತ್ತೇ? ಒಣ ಸಿಗಡಿಯ ಪೊಟ್ಟಣ. ನಮ್ಮ ಜವಳಾ. ಮೆಂತ್ಯದ ಸಿವುಡಿನ ಒಳಗಲ್ಲ, ಬದನೆಕಾಯಿಯ ಅಡಿಯಲ್ಲೂ ಅಲ್ಲ, ಎಲ್ಲರಿಗೂ ಕಾಣುವ ಹಾಗೆ ಮೇಲೆ. ಟೆಂಪೋದಲ್ಲಿ ಪಕ್ಕದಲ್ಲಿ ಕುಳಿತ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮುಚ್ಚಿಕೊಳ್ಳಲಿ. ನೀನಿದ್ದಿದ್ದರೆ ನನ್ನ ತೊಡೆ ಚಿವುಟಿ "ಒಳಗ ಸರಸ ಪಮ್ಮಿ" ಎನ್ನುತ್ತಿದ್ದೆ. ಬೈಯುವುದಿದ್ದರೆ ಈಗಲೇ ಬೈದುಬಿಡು. ಮುಂದೆ ಓದಿದರೆ ಇನ್ನೂ ಸಿಟ್ಟು ಬರುತ್ತದೆ ನಿನಗೆ.

ನಾವು ಮೊದಲು ಭೇಟಿಯಾದ ದಿನ ನೆನಪಿದೆಯೇ? ನಾನು ಹತ್ತರಗಿಯಿಂದ ಗೋಕಾಕಕ್ಕೆ ಬಂದು ಒಂದು ಸೊಸೈಟಿಯಲ್ಲಿ ಗುಮಾಸ್ತೆಯಾಗಿ ಸೇರಿದ್ದೆ. ಕೆಲಸದ ನಡುವೆ ಕಣ್ಣಿಗೆ ಕತ್ತಲೆ ಬಂತೆಂದು ನೀನಿದ್ದ ಆಸ್ಪತ್ರೆಗೆ ಕರೆತಂದರು. ಡಾಕ್ಟರು ಬರುವ ಮೊದಲೇ ನೀನು ನನ್ನ ಕೈ ಎತ್ತಿ ಉಗುರು ನೋಡಿದೆ.

"ಮುಂಜಾನಿ ಏನ ತಿಂತಿ?"

"ರೊಟ್ಟಿ, ಶೇಂಗಾ ಹಿಂಡಿ."

"ಸಂಜಿಗೆ?"

"ಅನ್ನ… ಹಿಂಡಿ."

"ಬರೇ ಹಿಂಡಿ ತಿಂದ್ರ ರಕ್ತ ಎಲ್ಲಿಂದ ಬರಬೇಕವಾ? ಉಗುರ ನೋಡ, ಸುಣ್ಣ ಬಳದಂಗ ಆಗ್ಯಾವು."

ನರ್ಸಮ್ಮ ಇಷ್ಟು ಜೋರಿದ್ದಾಳಲ್ಲ ಎಂದು ಹೆದರಿದ್ದೆ. ನೀನಾಗ ಮೂಡಲಗಿಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಗೋಕಾಕದಲ್ಲಿ ಮನೆ ಖಾಲಿ ಇರಲಿಲ್ಲವೆಂದಲ್ಲ. ನಿನ್ನ ಹೆಸರು ಕೇಳಿದ ಕೂಡಲೇ ಖಾಲಿ ಇದ್ದ ಮನೆಗಳು ತುಂಬಿಬಿಡುತ್ತಿದ್ದವು. ನನಗೂ ಅದೇ ಗತಿ, ಸ್ವಲ್ಪ ತಡವಾಗಿ. ನಾನು ಅಡ್ಡಹೆಸರು ಹೇಳುವವರೆಗೆ ಚಹಾ ಬರುತ್ತಿತ್ತು, ಹೇಳಿದ ಮೇಲೆ ಕಪ್ಪು ಅಲ್ಲೇ ಉಳಿಯುತ್ತಿತ್ತು. ಇಬ್ಬರೂ ಕೂಡಿ ಹುಡುಕೋಣ ಎಂದವಳು ನೀನೇ.

ಕೊನೆಗೆ ಸಿಕ್ಕಿತಲ್ಲ, ಆ ಮಾಳಿಗೆಯ ಒಂದು ಕೋಣೆ. ಮನೆಯೊಡತಿ ಕೆಳಗೆ, ನಾವು ಮೇಲೆ. "ಜಾತಿಪಾತಿ ನಾ ಏನೂ ಕೇಳಂಗಿಲ್ಲವಾ," ಎಂದು ಆಕೆ ದೊಡ್ಡ ಮನಸ್ಸು ಮಾಡಿದ್ದಳು. "ಆದ್ರ ನನ್ನ ಮನ್ಯಾಗ ತತ್ತಿ, ಮೀನ, ಮಾಂಸ ಏನೂ ಬರಬಾರ್ದು." ನೀನು ತಕ್ಷಣ "ಹೂಂ ರೀ, ಬರಂಗಿಲ್ಲ" ಎಂದೆ. ನಾನು ನಿನ್ನ ಮುಖ ನೋಡಿದೆ. ಮೆಟ್ಟಿಲು ಹತ್ತುವಾಗ ನೀನು ಮೆಲ್ಲಗೆ ಹೇಳಿದೆ, "ಊಟ ನಮ್ದು, ಮನಿ ಅವರ್ದು. ಎರಡೂ ನಡಸೂಣು, ಸುಮ್ನಿರ."

ಸಂತೆ ಮಾಡುವುದನ್ನು ನೀನು ಕಲಿಸಿದ ಹಾಗೆ ನನ್ನ ಅವ್ವನೂ ಕಲಿಸಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೋಗಬೇಕು, ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳಬೇಕು, ಮೊದಲ ಸುತ್ತಿನಲ್ಲಿ ಏನನ್ನೂ ಮುಟ್ಟಬಾರದು. ಆ ಹೊತ್ತಿಗೆ ಮಾರುವವರಿಗೂ ಊರಿನ ಬಸ್ಸು ಹಿಡಿಯುವ ಅವಸರ. ಉಳಿದ ಬದನೆ, ಹೀರೆ, ಟೊಮೆಟೊ ಎಲ್ಲವನ್ನೂ ಗುಡ್ಡೆ ಮಾಡಿ ಕೂಗುತ್ತಿರುತ್ತಾರೆ. ನೀನು ಗುಡ್ಡೆಯ ಮೇಲಿನದನ್ನು ನೋಡುತ್ತಲೇ ಇರಲಿಲ್ಲ, ಅಡಿಗೆ ಕೈ ಹಾಕುತ್ತಿದ್ದೆ. ಮೆಂತ್ಯ ಅಗ್ಗವಾದಾಗ ಹೊರಲಾರದಷ್ಟು ತಂದು ಮಾಳಿಗೆಯ ಮೇಲೆ ಒಣಗಿಸಿದ್ದು, ಜೋಳ ತುಟ್ಟಿಯಾದಾಗ ರೇಷನ್ ಅಕ್ಕಿ ಬೆರೆಸಿ ಹಿಟ್ಟು ಬೀಸಿಸಿದ್ದು! ಆ ರೊಟ್ಟಿ ಆರಿದ ಮೇಲೆ ಹಲಗೆಯಾಗುತ್ತಿತ್ತು. ನಾನು ಗೊಣಗಿದರೆ "ಯಾಕ, ಹಲ್ಲ ಇಲ್ಲೇನ ನಿನಗ?" ಎನ್ನುತ್ತಿದ್ದೆ. ಇಬ್ಬರ ಪಗಾರದಲ್ಲೂ ಅರ್ಧಕ್ಕಿಂತ ಹೆಚ್ಚು ಊರಿಗೆ ಹೋಗುತ್ತಿತ್ತಲ್ಲ, ಉಳಿದದ್ದರಲ್ಲಿ ನೀನು ನನ್ನ ಉಗುರಿಗೆ ಬಣ್ಣ ತರಿಸಬೇಕಿತ್ತು.

ಅದಕ್ಕೇ ಸಂತೆಯ ಕಟ್ಟಕಡೆಗೆ, ಗಟಾರದ ಪಕ್ಕ ಕೂರುತ್ತಿದ್ದ ಒಣಮೀನು ಮಾರುವ ಹೆಂಗಸು, ನಮ್ಮ ಕಾಕು. ಬೇರೆ ಮಾರುವವರು ಆಕೆಯನ್ನು ಹತ್ತಿರ ಕೂರಗೊಡುತ್ತಿರಲಿಲ್ಲ. ತೊಗರಿಬೇಳೆಯನ್ನು ಮುಟ್ಟಲೂ ಆಗದ ದಿನಗಳಲ್ಲಿ ಆಕೆ ಸಣ್ಣ ಡಬ್ಬಿಯಲ್ಲಿ ತುಂಬಿ ಕೊಡುತ್ತಿದ್ದ ಜವಳಾ ನಮಗೆ ವಾರವಿಡೀ ಬರುತ್ತಿತ್ತು. ಬದನೆಕಾಯಿಯಲ್ಲಿ ಒಂದು ಹಿಡಿ, ಬೆಳ್ಳುಳ್ಳಿ ಖಾರದಲ್ಲಿ ಒಂದು ಹಿಡಿ. ಆದರೆ ಅಗ್ಗದ ಆ ವಸ್ತುವಿಗೆ ಇರುವಷ್ಟು ವಾಸನೆ ಬೇರೆ ಯಾವುದಕ್ಕೆ ಇದೆ? ಹಂಚಿಗೆ ಬಿದ್ದರೆ ಓಣಿಗೆಲ್ಲ ಸುದ್ದಿ ಹೋಗುತ್ತದೆ.

ಅದಕ್ಕೇ ಟವೆಲ್. ನೀನು ನಿನ್ನ ಆ ಹಸಿರು ಟವೆಲನ್ನು ಒದ್ದೆ ಮಾಡಿ, ಹಿಂಡಿ, ಸುರುಳಿ ಸುತ್ತಿ ಬಾಗಿಲ ಕೆಳಗಿನ ಸಂದಿಗೆ ತುರುಕುತ್ತಿದ್ದೆ. ಕಿಟಕಿ ಬಂದ್, ಎರಡು ಊದುಬತ್ತಿ, ಮೇಲೆ ಒಂದಿಷ್ಟು ಇಂಗಿನ ಒಗ್ಗರಣೆ. ಬೇಸಿಗೆಯಲ್ಲಿ ಒಳಗೆ ನಾವೇ ಬೆಂದುಹೋಗುತ್ತಿದ್ದೆವು. ಕೆಮ್ಮು ಬಂದರೆ ದಿಂಬಿಗೆ ಬಾಯಿ ಒತ್ತಿ ಕೆಮ್ಮಬೇಕು. ಕೆಳಗಿನಿಂದ ಮನೆಯೊಡತಿ "ಏನವಾ, ಭಾಳ ಊದುಬತ್ತಿ ಹಚ್ಚತೀರಿ?" ಎಂದರೆ ನೀನು "ಸಂಜಿ ಪ್ರಾರ್ಥನಾ ರೀ" ಎನ್ನುತ್ತಿದ್ದೆ. ನಿನ್ನ ನಮಾಜಿಗೂ ನನ್ನ ಬುದ್ಧವಂದನೆಗೂ ಕೂಡಿಯೇ ಅಷ್ಟು ಊದುಬತ್ತಿ ಬೇಕಿರಲಿಲ್ಲ.

ಮೊಟ್ಟೆಯ ಸಿಪ್ಪೆಯ ದಿನ ನೆನೆದರೆ ಈಗಲೂ ನಗು ಬರುತ್ತದೆ. ಕಸದ ಬುಟ್ಟಿಗೆ ಹಾಕಿದರೆ ಸಿಕ್ಕಿಬೀಳುತ್ತೇವೆಂದು ಸಿಪ್ಪೆಗಳನ್ನೆಲ್ಲ ಒಂದು ಸ್ಟೀಲ್ ಡಬ್ಬಿಯಲ್ಲಿ ಕೂಡಿಹಾಕಿ, ಕೆಲಸಕ್ಕೆ ಹೋಗುವಾಗ ಬಸ್‌ಸ್ಟ್ಯಾಂಡಿನ ತೊಟ್ಟಿಗೆ ಸುರಿಯುವುದು ನಿನ್ನ ಪಾಳಿ. ಆವತ್ತು ಡಬ್ಬಿ ಅದಲುಬದಲಾಯಿತು. ನಾನು ಸೊಸೈಟಿಯಲ್ಲಿ ಊಟಕ್ಕೆಂದು ಎಲ್ಲರ ನಡುವೆ ಮುಚ್ಚಳ ತೆಗೆದರೆ ಒಳಗೆ ಬರೀ ಸಿಪ್ಪೆ. "ಏನ್ರಿ ಪ್ರಮೀಳಾ ಮೇಡಂ, ತತ್ತಿ ಯಾರಿಗ ಕೊಟ್ರಿ?" ಎಂದು ಕ್ಯಾಷಿಯರ್ ಕೇಳಿದ. ಗುಲಾಬಿ ಗಿಡದ ಬುಡಕ್ಕೆ ಹಾಕಲಿಕ್ಕೆ ಎಂದೆ. ಸಂಜೆ ಮನೆಗೆ ಬಂದರೆ ನೀನು ನನ್ನ ರೊಟ್ಟಿ ಪಲ್ಯವನ್ನು ನೋಡದೇ ತೊಟ್ಟಿಗೆ ಸುರಿದು ಬಂದಿದ್ದೆ! ಇಬ್ಬರೂ ನೆಲದ ಮೇಲೆ ಬಿದ್ದು ನಕ್ಕೆವು. ನಗುವಿನ ಸದ್ದು ಕೆಳಗೆ ಕೇಳಿದರೆ ಕೇಳಲಿ ಎಂದು ನೀನೇ ಹೇಳಿದೆ. ನಗುವುದಕ್ಕೆ ಅಡ್ಡಿಯಿಲ್ಲ, ತಿನ್ನುವುದಕ್ಕೆ ಮಾತ್ರ ಅಡ್ಡಿ, ಇದೆಂಥ ಮನೆ ಎಂದು ನಾನು ಕೇಳಿದ್ದೆ. ನೀನು ಎದ್ದು ಡಬ್ಬಿ ತೊಳೆಯಲು ಹೋದೆ.

ನಿನಗೆ ಹೊಟ್ಟೆನೋವು ಶುರುವಾಗಿ, ಗಡ್ಡೆ ಎಂದು ಗೊತ್ತಾಗಿ, ಮೂಡಲಗಿಗೆ ನಿನ್ನ ಅಣ್ಣನ ಮನೆಗೆ ಹೋದೆಯಲ್ಲ… ಗಂಜಿ ಬಿಟ್ಟರೆ ಏನೂ ಇಳಿಯುತ್ತಿರಲಿಲ್ಲ. ಫೋನಿನಲ್ಲಿ ಒಮ್ಮೆ "ಬಾಯಿ ಭಾಳ ಸಪ್ಪಗಾಗೇತಿ ಪಮ್ಮಿ" ಎಂದೆ. ಅಷ್ಟೇ ಸಾಕಿತ್ತು ನನಗೆ. ಮಾರನೆಯ ಬೆಳಿಗ್ಗೆ ಎದ್ದು ಜವಳಾ ಹುರಿದು ಬೆಳ್ಳುಳ್ಳಿ ಹಾಕಿ ಕುಟ್ಟಿ ಬಸ್ಸು ಹತ್ತಿದೆ. ಡಬ್ಬಿಯ ಮೇಲೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿದರೂ ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಕಂಡಕ್ಟರ್ ಬಂದು "ಅಕ್ಕಾರ, ಅದೇನ್ರಿ?" ಎಂದ. "ಪೇಷಂಟಿನ ಊಟಾರೀ" ಎಂದೆ. ಅವನು ಟಿಕೆಟು ಹರಿದುಕೊಟ್ಟು ಆಚೆಯ ಕಿಟಕಿ ತೆಗೆದ.

ನೀನು ಡಬ್ಬಿಯ ಮುಚ್ಚಳ ತೆಗೆದು ಮೊದಲು ಮೂಸಿದೆ. ಎಷ್ಟು ಸಣ್ಣಗಾಗಿದ್ದೆ ಆಪಾ, ಮುಖದಲ್ಲಿ ಮೂಗೊಂದೇ ಉಳಿದಿತ್ತು. ಬೆರಳಿಗೆ ಅಂಟಿಸಿಕೊಂಡು ನಾಲಿಗೆಗೆ ಹಚ್ಚಿದೆ, ಕಣ್ಣು ಮುಚ್ಚಿದೆ. ಇನ್ನೇನು ಹೊಗಳುತ್ತೀಯ ಎಂದು ಕಾಯುತ್ತಿದ್ದೆ ನಾನು. ನೀನು ಕಣ್ಣು ತೆರೆದು ಕೇಳಿದೆ:

"ಟವೆಲ್ ಇಟ್ಟಿದ್ದಿ, ಹೌದಿಲ್ಲೋ?"

"ಇಟ್ಟಿದ್ದೆ ಆಪಾ."

"ಚಲೋ ಮಾಡಿದಿ. ಮನಿ ಹೋಗಬಾರ್ದು."

ಇಟ್ಟಿದ್ದೆ, ಅದು ಸುಳ್ಳಲ್ಲ. ಆದರೆ ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಸಾವು ಹಾಸಿಗೆಯ ಪಕ್ಕ ಕುಳಿತಿರುವಾಗಲೂ ಬಾಗಿಲ ಕೆಳಗಿನ ಸಂದಿಯ ಚಿಂತೆ ಮಾಡಬೇಕೇ ಒಬ್ಬ ಹೆಣ್ಣುಮಗಳು? ನೀನು ಯಾರ ಮನೆಗೆ ಕನ್ನ ಹಾಕಿದ್ದೆ? ಸ್ವಂತ ದುಡಿಮೆಯ ಒಂದು ಹಿಡಿ ಜವಳಾ, ಅದನ್ನು ಕಳ್ಳರ ಹಾಗೆ ತಿಂದೆವಲ್ಲ! ನಾನು ಸಿಟ್ಟಾದದ್ದು ಮನೆಯೊಡತಿಯ ಮೇಲೆ. ಆಮೇಲೆ, ಹೇಳಿಯೇಬಿಡುತ್ತೇನೆ, ನಿನ್ನ ಮೇಲೂ.

ನೀನು ತೀರಿಕೊಂಡ ಮೇಲೆ ಆ ಮಾಳಿಗೆಯ ಬಾಡಿಗೆ ನನ್ನೊಬ್ಬಳ ಕೈಮೀರಿತು. ಮತ್ತೆ ಮನೆ ಹುಡುಕಿದೆ. ದಲ್ಲಾಳಿ ಒಂದು ಮನೆ ತೋರಿಸಿದ, ನೋಡಿದ್ದರೆ ನೀನು ಕುಣಿದಾಡುತ್ತಿದ್ದೆ. ಸೊಸೈಟಿಗೆ ನಡೆದೇ ಹೋಗಬಹುದು, ನಲ್ಲಿಯಲ್ಲಿ ದಿನವೂ ನೀರು, ಬಾಡಿಗೆಯೂ ಕಡಿಮೆ. ಅಡುಗೆಮನೆಯ ಕಿಟಕಿಯಾಚೆ ಬೇವಿನಮರ. ಹೋಗುವ ಮೊದಲೇ ಅವ್ವ ಫೋನಿನಲ್ಲಿ ಹೇಳಿದ್ದಳು, "ಏನೂ ತಿನ್ನಂಗಿಲ್ಲ ಅಂತ ಹೇಳವ್ವಾ. ಹೊಟ್ಟಿ ಏನ ಬಂದ ಸಾಕ್ಷಿ ಹೇಳತೈತೇನ?" ದಲ್ಲಾಳಿಯೂ ಮೆಟ್ಟಿಲ ಬಳಿಯೇ "ಹೂಂ ಅನ್ರಿ ಸಾಕು" ಎಂದಿದ್ದ.

ಮನೆಯ ಯಜಮಾನರು ರಿಟೈರ್ಡ್, ಮೃದು ಮಾತಿನವರು. "ನೀವು ಪ್ಯೂರ್ ವೆಜ್ ಅಲ್ರೀ?" ಎಂದು ನಗುತ್ತಲೇ ಕೇಳಿದರು. ಹೂಂ ಎನ್ನಲು ಬಾಯಿ ತೆರೆದಿದ್ದೆ. ಆಗಲೇ ನನಗೆ ಗೊತ್ತಾಯಿತು, ನಾನು ಬೇವಿನಮರವನ್ನು ನೋಡುತ್ತಿರಲಿಲ್ಲ. ನನ್ನ ಕಣ್ಣು ಬಾಗಿಲ ಕೆಳಗಿನ ಸಂದಿಯ ಮೇಲಿತ್ತು. ಟವೆಲ್ ಒಂದು ಸಾಕೇ, ಎರಡು ಬೇಕೇ ಎಂದು ಅಳೆಯುತ್ತಿದ್ದೆ. ಇನ್ನೂ ಬಾಡಿಗೆ ಮಾತಾಡಿಲ್ಲ, ಸಾಮಾನು ಇಳಿಸಿಲ್ಲ, ಆಗಲೇ!

"ಇಲ್ರೀ," ಎಂದೆ. "ನಾ ತತ್ತಿ ತಿಂತೇನಿ. ಒಣಮೀನ ತಿಂತೇನಿ. ಪಗಾರ ಆದ ವಾರ ಕೋಳಿನೂ ತಿಂತೇನಿ."

ದಲ್ಲಾಳಿ ಕೆಮ್ಮಿದ. ಯಜಮಾನರ ನಗು ಅಲ್ಲೇ ನಿಂತಿತು. "ನಿಮ್ಮನ್ನ ನೋಡಿದ್ರ ಹಂಗ ಅನ್ಸೂದಿಲ್ಲ ನೋಡ್ರಿ."

"ಹೆಂಗ ಅನ್ಸಬೇಕಿತ್ರಿ?"

ಅವರು ದಲ್ಲಾಳಿಯ ಕಡೆ ತಿರುಗಿದರು, ಪಾಪ. ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ. ದಲ್ಲಾಳಿ ದಾರಿಯುದ್ದಕ್ಕೂ ಗೊಣಗಿದ, "ಒಂದ ಮಾತಿಗೆ ಎಂಥಾ ಮನಿ ಕಳಕೊಂಡ್ರಿ." ನನಗೆ ಹೊಟ್ಟೆ ಉರಿಯಲಿಲ್ಲವೆಂದು ಹೇಳಲಾರೆ. ಆ ನಲ್ಲಿ, ಆ ಬೇವಿನಮರ… ರಾತ್ರಿ ಊಟ ಸೇರಲಿಲ್ಲ. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಆಮೇಲೆ ಹೋದಲ್ಲೆಲ್ಲ ನಾನೇ ಮೊದಲು ಹೇಳಲು ಶುರು ಮಾಡಿದೆ. ಅವರು ಹೆಸರು ಕೇಳುವ ಮೊದಲು, ಊರು ಕೇಳುವ ಮೊದಲು. ಬಾಗಿಲುಗಳು ಬೇಗ ಮುಚ್ಚಿದವು, ಚಹಾದ ಖರ್ಚೂ ಅವರಿಗೆ ಉಳಿಯಿತು. ಹೀಗೆ ಹುಡುಕುತ್ತಾ ಕೊಣ್ಣೂರಿಗೆ ಬಂದೆ. ಹಿಟ್ಟಿನ ಗಿರಣಿ, ಅದರ ಮೇಲೆ ಎರಡು ಕೋಣೆ. ಗಿರಣಿಯ ಅಜ್ಜ ಹುಬ್ಬಿನ ಮೇಲೆಲ್ಲ ಹಿಟ್ಟು ಹೊತ್ತು ನಿಂತಿದ್ದ. ಅವನಿಗೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ, "ಅಜ್ಜಾರ, ನಾ ಎಲ್ಲಾ ತಿಂತೇನ್ರಿ. ಒಣಮೀನ ಹುರದ್ರ ಭಾಳ ವಾಸನಿ ಬರತೈತಿ. ಅದಕ್ಕ ಒಪ್ಪಿಗಿ ಇದ್ರ ಮುಂದಿನ ಮಾತು."

ಅಜ್ಜ ಕಿವಿಗೆ ಕೈ ಹಚ್ಚಿ ಎರಡನೇ ಸಲ ಹೇಳಿಸಿಕೊಂಡ. "ವಾಸನಿದೇನ ಬಿಡವಾ," ಎಂದ. "ಮುಂಜಾನಿಂದ ಗಿರಣಿ ಸಪ್ಪಳಾ. ಅದಕ್ಕ ಯಾರೂ ನಿಂದ್ರಂಗಿಲ್ಲ. ನಿನಗ ನಡೀತೈತೇನ?"

ನಡೆಯುತ್ತದೆ ಎಂದೆ. ಅವನು ನನ್ನ ವಾಸನೆ ಸಹಿಸಬೇಕು, ನಾನು ಅವನ ಸದ್ದು ಸಹಿಸಬೇಕು. ಇಷ್ಟು ನೇರವಾದ ಕರಾರು ಗೋಕಾಕದಲ್ಲಿ ಯಾರೂ ಕೊಟ್ಟಿರಲಿಲ್ಲ ನನಗೆ. ದಿನವೂ ಟೆಂಪೋಗೆ ಓಡಬೇಕು, ಖರೆ. ನೀರನ್ನು ಕೆಳಗಿನಿಂದ ಹೊರಬೇಕು. ತವೆ, ತಟ್ಟೆ, ತಲೆದಿಂಬು ಎಲ್ಲದರ ಮೇಲೂ ಹಿಟ್ಟಿನ ಪುಡಿ. ಆದರೆ ಹೊಸದಾಗಿ ಬೀಸಿದ ಜೋಳದ ಹಿಟ್ಟು ಬೆಚ್ಚಗಿರುವಾಗಲೇ ಸಿಗುತ್ತದೆ. ಈಗ ರೊಟ್ಟಿ ಹಲಗೆಯಾಗುವುದಿಲ್ಲ.

ಇವತ್ತು ಸಂತೆಯಿಂದ ಬಂದು ಒಲೆ ಹಚ್ಚಿ ಇಲ್ಲಿ ಮೊದಲ ಸಲ ಜವಳಾ ಹುರಿದೆ. ಊದುಬತ್ತಿ ಇಲ್ಲ, ಇಂಗೂ ಇಲ್ಲ. ಅರ್ಧ ಹುರಿದಿರಲಿಲ್ಲ, ಕೆಳಗಿನಿಂದ ಅಜ್ಜ ಕೂಗಿದ, "ಬಾಯಾರ! ಏ ಬಾಯಾರ!" ಸೌಟು ಹಿಡಿದುಕೊಂಡೇ ಮೆಟ್ಟಿಲಿಗೆ ಬಂದೆ. ಏನೇನು ಹೇಳಬೇಕು ಎಂದು ಇಷ್ಟು ವರ್ಷಗಳ ಮಾತೆಲ್ಲ ನಾಲಿಗೆಯ ತುದಿಯಲ್ಲಿತ್ತು ಆಪಾ, ನಿನ್ನ ಪಾಲಿನದೂ ಸೇರಿ.

"ಗಿರಣಿ ಕಡೆ ಕಿಡಕಿ ಮುಚ್ಚವಾ," ಎಂದ ಅಜ್ಜ. "ಹಿಟ್ಟಿಗೆ ವಾಸನಿ ಹಿಡದ್ರ ಗಿರಾಕಿ ನನ್ನ ಬೈತಾರ. ರಸ್ತೆ ಕಡೇವು ಎರಡೂ ತಗದ ಇಡ."

ಅಷ್ಟೇ. ಅಷ್ಟು ಹೇಳಿ ಒಳಗೆ ಹೋದ. ಬಾಯಿಗೆ ಬಂದ ಜಗಳವನ್ನೆಲ್ಲ ನುಂಗಿಕೊಂಡು ಬಂದು, ರಸ್ತೆಯ ಕಡೆಯ ಎರಡೂ ಕಿಟಕಿ ತೆಗೆದೆ. ಯಾಕೋ ಅಳು ಬಂತು. ಗಂಟಲಿಗೆ ಖಾರದ ಹೊಗೆ ಹೊಕ್ಕು ಕೆಮ್ಮೂ ಬಂತು, ಬಾಯಿಗೆ ದಿಂಬು ಒತ್ತದೆ ಮನಸಾರೆ ಕೆಮ್ಮಿದೆ.

ಸಂತೆಗೆ ಈಗಲೂ ದೀಪ ಹಚ್ಚುವ ಹೊತ್ತಿಗೇ ಹೋಗುತ್ತೇನೆ. ಮೊದಲ ಸುತ್ತಿನಲ್ಲಿ ಏನನ್ನೂ ಮುಟ್ಟುವುದಿಲ್ಲ, ಗುಡ್ಡೆಯ ಅಡಿಗೆ ಕೈ ಹಾಕುತ್ತೇನೆ. ನೀನು ಹೇಳಿಕೊಟ್ಟದ್ದರಲ್ಲಿ ಒಂದನ್ನು ಬಿಟ್ಟು ಎಲ್ಲವನ್ನೂ ನಡೆಸುತ್ತೇನೆ. ನಿನ್ನ ಹಸಿರು ಟವೆಲನ್ನು ಕುದಿಯುವ ನೀರಿನಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ, ಬಿಸಿ ರೊಟ್ಟಿ ಸುತ್ತಿಡಲು ಬುಟ್ಟಿಗೆ ಹಾಕಿದ್ದೇನೆ. ಇನ್ನು ಅದರ ಜಾಗ ಅಲ್ಲೇ. ಈಗ ತಟ್ಟೆ ಮುಂದಿದೆ, ಕಿಟಕಿ ತೆರೆದಿದೆ, ರಸ್ತೆಯಲ್ಲಿ ಹೋಗುವವರು ಒಂದು ಗಳಿಗೆ ನಿಂತು ಮೇಲೆ ನೋಡುತ್ತಿದ್ದಾರೆ. ನೀನು ಇವತ್ತೂ ಅದನ್ನೇ ಕೇಳುತ್ತೀ ಎಂದು ಗೊತ್ತು.

ಇಟ್ಟಿಲ್ಲ ಆಪಾ. ಇನ್ನು ಮುಂದೆ ಇಡುವುದೂ ಇಲ್ಲ.

ನಿನ್ನ,
ಪಮ್ಮಿ