ಹಲಸಿನ ಮಣೆ

೮-೯-೧೯೭೫, ಸೋಮವಾರ. ಬೆಳಿಗ್ಗೆ ೬

ನಳದ ಹತ್ತಿರ ಮತ್ತೆ ರುಕ್ಮಿಣಿಬಾಯಿ. ನನ್ನ ಕೊಡ ಹಿಂದೆ ತಳ್ಳಿ ಅವಳದ್ದು ಐದು ಕೊಡ ಮುಂದೆ. ಪಕ್ಕದ ಖೋಲಿಯವಳು ಅಂತ ಎರಡು ವರ್ಷ ಸಹಿಸಿದೆ. ಇವತ್ತು ಬಾಯಿ ಬಿಟ್ಟೆ. ಇಡೀ ಚಾಳು ಬಾಗಿಲಿಗೆ ಬಂತು. ಬರಲಿ.

ನಾಳೆ ಚೌತಿ. ನಮ್ಮ ಮನೆಗೆ ಮೊದಲ ಗಣಪತಿ, ಒಂದೂವರೆ ದಿನದ್ದು. ಹೋಟೆಲಿನಲ್ಲಿ ಮ್ಯಾನೇಜರ್ ಮಾಡಿದರೆ ತರುತ್ತೇನೆ ಅಂತ ಇವರ ಹರಕೆ. ಮೂರ್ತಿ ಇಡಲು ಮಣೆ ಇಲ್ಲ. ಇವರು — "ರುಕ್ಮಿಣಿಬಾಯಿ ಹತ್ರ ದೊಡ್ಡದು ಉಂಟಲ್ಲ, ಕೇಳು."

ಸತ್ತರೂ ಕೇಳುವುದಿಲ್ಲ. ಬೇಬಿಯನ್ನು ಮೀಯಿಸುವ ಮಣೆ ಇದೆ — ಅಪ್ಪ ಊರಿನಿಂದ ಕಳಿಸಿದ ಹಲಸಿನ ಮಣೆ. ಸೋಪು ಹಾಕಿ ತಿಕ್ಕಿದೆ. ಅರಿಶಿನ ಹಚ್ಚಿದೆ. ಅತ್ತೆ ನೋಡುತ್ತಾ ನಿಂತಿದ್ದರು.

"ಮೈ ತೊಳೆಯುವ ಮಣೆಯಲ್ಲಿ ದೇವರನ್ನು ಕೂರಿಸುದಾ ರಾಜೀವಿ? ಬೇಡ ಮಾರಾಯ್ತಿ."

"ನೀವು ಬಾಯಿ ಮುಚ್ಚಿಕೊಂಡ್ರೆ ದೇವರಿಗೆ ಗೊತ್ತಾಗುದಿಲ್ಲ" ಅಂದೆ.

೧೨-೯, ಶುಕ್ರವಾರ. ಸಂಜೆ

ಎರಡು ದಿನದ ರಜೆಗೆ ಆಫೀಸಿನಲ್ಲಿ ದಂಡ — ಟೈಪ್ ಮಾಡಲು ರಾಶಿ ಕಾಗದ. ಲೋಕಲ್‌ನಲ್ಲಿ ಫೋರ್ಟಿನಿಂದ ಸಯನ್ ತನಕ ನಿಂತೇ ಬಂದೆ. ಮನೆಗೆ ಕಾಲಿಟ್ಟರೆ ಅತ್ತೆಯ ಪುರಾಣ. ಬೇಬಿ ಮೀಯುವುದಿಲ್ಲವಂತೆ. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಖೋಲಿಯ ಮೂಲೆಯ ಸ್ನಾನದ ಮೋರಿ ಕಂಡದ್ದೇ ತಡ, ಕಿರುಚಿ ಅತ್ತೆಯ ಕುತ್ತಿಗೆಗೆ ಜೋತು ಬೀಳುತ್ತಾಳಂತೆ. ಇಪ್ಪತ್ತೆರಡು ತಿಂಗಳಲ್ಲಿ ನೀರಿಗೆ ಒಂದು ದಿನ ಅತ್ತವಳಲ್ಲ. ನೀರಿನಿಂದ ಎಬ್ಬಿಸಿದರೆ ಅಳುವವಳು.

"ದೇವರ ಸಿಟ್ಟು" ಅಂತ ಅತ್ತೆ. "ನಾನು ಅವತ್ತೇ ಹೇಳಿದ್ದೆ."

ದೇವರಿಗೆ ಬೇರೆ ಕೆಲಸ ಇಲ್ಲ ನೋಡು.

೧೩-೯, ಶನಿವಾರ. ಮಧ್ಯಾಹ್ನ ೩

ಅರ್ಧ ದಿನ ಆಫೀಸು. ಬಂದು ನಾನೇ ಮೀಯಿಸಿದೆ. ಕಾಲು ಮಣೆಗೆ ತಾಗಿತು, ಮೈ ಸೆಟೆದುಕೊಂಡಿತು. ರಟ್ಟೆ ಹಿಡಿದು ಕೂರಿಸಿದೆ. ನಾಲ್ಕು ಚೊಂಬು ಹೊಯ್ದೆ. ಉಸಿರು ಕಟ್ಟಿ ಮುಖ ನೀಲಿಯಾಯಿತು. "ಬುಡುಂಗ ಬೇಡ... ಬುಡುಂಗ ಬೇಡ..." ಏನಾದರೂ ನೀರಿಗೆ ಬಿದ್ದರೆ ಅವಳು ಹೇಳುವ ಮಾತು ಅದು. ಹಾಗೇ ಬಿಟ್ಟು ಒರೆಸಿದೆ.

ಒರೆಸುವಾಗ ಬೆನ್ನು ಕಂಡಿತು. ಕೆಂಪು. ಕುತ್ತಿಗೆಯಿಂದ ಸೊಂಟದವರೆಗೆ.

ಈಗ ಗೊತ್ತಾಯಿತು. ಅತ್ತೆ ನೀರು ಕಾಯಿಸುವುದು ಕೋಳಿಯ ಪುಕ್ಕ ಕೀಳುವಷ್ಟು. ಮುಖದ ಮೇಲೆ ಹೇಳಿದೆ — "ಮಗುವನ್ನು ಸುಟ್ಟಿದ್ದೀರಿ. ಇನ್ನು ಅವಳನ್ನು ಮೀಯಿಸ್ಲಿಕ್ಕೆ ಮುಟ್ಟಬೇಡಿ."

ಅತ್ತೆ ಸ್ವಲ್ಪ ಹೊತ್ತು ತಮ್ಮ ಕೈಯನ್ನೇ ನೋಡಿಕೊಂಡರು. "ನಿನ್ನ ಗಂಡನನ್ನು ಮೀಯಿಸಿದ್ದು ಇದೇ ಕೈ" ಅಂದರು. ಅದಕ್ಕೇ ಅವರು ಹಾಗೆ ಬೆಂದುಹೋಗಿದ್ದಾರೆ ಅಂದೆ. ಹೇಳಿ ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ.

೧೪-೯, ಭಾನುವಾರ

"ಅಮ್ಮ ಊರಿಗೆ ಹೋಗ್ತಾರಂತೆ. ಬರುವ ಭಾನುವಾರದ ಮಂಗಳೂರು ಬಸ್ಸಿಗೆ" — ಇವರು. ಪೇಪರಿನಿಂದ ತಲೆ ಎತ್ತದೆ. ಅತ್ತೆ ಹೋದರೆ ಬೇಬಿಯನ್ನು ನೋಡಲು ಯಾರು? ನಾನು ಕೆಲಸ ಬಿಡಬೇಕು. ಅದು ಇವರಿಗೂ ಗೊತ್ತು, ನನಗೂ ಗೊತ್ತು, ಮುದುಕಿಗಂತೂ ಚೆನ್ನಾಗಿ ಗೊತ್ತು. ಹೆದರಿಸುವ ಉಪಾಯ. ನಾನು ಹೆದರುವ ಪೈಕಿ ಅಲ್ಲ. ಹೋಗಲಿ.

೧೬-೯, ಮಂಗಳವಾರ. ರಾತ್ರಿ ಊಟಕ್ಕೆ ಮುಂಚೆ

ಡಾಕ್ಟರ ಹತ್ತಿರ ಹೋದೆ. ಬೆನ್ನು ನೋಡಿ ನಕ್ಕರು. ಸುಟ್ಟದ್ದಲ್ಲ. ಬೆವರುಸಾಲೆ. ದಿನಾ ಮೀಯಿಸದಿದ್ದರೆ ಕಜ್ಜಿಯಾಗುತ್ತದೆ.

ಮನೆಗೆ ಬಂದೆ. ಅತ್ತೆ ಕೇಳಿದರು — "ಡಾಕ್ಟರು ಎಂತ ಹೇಳಿದ್ರು?"

"ಮುಲಾಮು ಕೊಟ್ಟಿದ್ದಾರೆ" ಅಂದೆ. ಅಷ್ಟೇ. ಉಳಿದದ್ದು ಬಾಯಿಗೆ ಬರಲಿಲ್ಲ. ಬರಿಸಲಿಲ್ಲ.

೧೮-೯, ಗುರುವಾರ

ಪ್ಲಾಸ್ಟಿಕ್ ಬಾತುಕೋಳಿ ತಂದೆ. ನೋಡಿ ನಕ್ಕಳು, ಮೋರಿಗೆ ಬರಲಿಲ್ಲ. ಗೊಂಬೆಯನ್ನು ಮಣೆಯ ಮೇಲೆ ಕೂರಿಸಿದೆ, ಮೊದಲು ಅದಕ್ಕೆ ಸ್ನಾನ ಅಂತ. ಚೊಂಬು ಎತ್ತಿದ್ದೇ ಸರಿ — ಓಡಿ ಬಂದು ಗೊಂಬೆಯನ್ನು ಕಸಿದುಕೊಂಡು ಟ್ರಂಕಿನ ಹಿಂದೆ ಅಡಗಿಸಿದಳು. ನನ್ನನ್ನು ನೋಡಿದ ರೀತಿ... ಕಳ್ಳಿಯನ್ನು ನೋಡಿದ ಹಾಗೆ. ಹೆತ್ತವಳು ನಾನು. ಒದ್ದೆ ಬಟ್ಟೆಯಲ್ಲಿ ಒರೆಸಿ ಮಲಗಿಸಿದೆ. ಆಮೇಲೆ ನಾನೊಬ್ಬಳೇ ಮೋರಿಯ ಹತ್ತಿರ ಕೂತು ಅತ್ತುಬಿಟ್ಟೆ. ಯಾರಿಗೂ ಕೇಳಿಸಲಿಲ್ಲ.

೧೯-೯, ಶುಕ್ರವಾರ. ಸಂಜೆ ೭

ಆಫೀಸಿನಿಂದ ಬರುವಾಗ ರುಕ್ಮಿಣಿಬಾಯಿಯ ಖೋಲಿಯಲ್ಲಿ ಬೇಬಿಯ ನಗು. ಇಣುಕಿದರೆ ಅವಳ ಮೋರಿಯ ಬರೀ ಕಲ್ಲಿನ ಮೇಲೆ ಕೂತು ನೀರು ಚೆಲ್ಲುತ್ತಿದ್ದಾಳೆ, ನನ್ನ ಮಗಳು. ಮೈ ಉರಿಯಿತು. ಬೇರೆ ಯಾರ ಮನೆಯಾದರೂ ಆಗಬಹುದಿತ್ತು.

"ಇಧರ್ ತೋ ರೋತೀ ನಹೀಂ" ಅಂದಳು ರುಕ್ಮಿಣಿಬಾಯಿ. ಇಲ್ಲಿ ಅಳುವುದೇ ಇಲ್ಲವಂತೆ. ಹಲ್ಲು ಕಿರಿದಳು ಅಂತ ಬರೆಯಬೇಕೆಂದಿದ್ದೆ. ನಿಜವಾಗಿ ಸುಮ್ಮನೆ ನಕ್ಕದ್ದು.

ಕರೆದುಕೊಂಡು ಹೋದದ್ದು ಅತ್ತೆ. ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದರು. "ಮುಟ್ಟಬೇಡ ಅಂತ ನೀನು ಹೇಳಿದಿ. ನಾನು ಮುಟ್ಟಲಿಲ್ಲ."

೨೦-೯, ಶನಿವಾರ. ಮಧ್ಯಾಹ್ನ ೪

 ಇದನ್ನು ಬರೆಯಲೇಬೇಕು.

ಊಟವಾಗಿ ಮಲಗಿದ್ದೆ. ಬೇಬಿ ದೇವರ ಪಟದಿಂದ ದಾಸವಾಳ ಎಳೆದಳು. ಗೋಡೆಗೆ ಒರಗಿಸಿದ್ದ ಮಣೆಯನ್ನು ಬೀಳಿಸಿ ಅದರ ಮೇಲೆ ಇಟ್ಟಳು. ಕೈ ಮುಗಿದಳು. ಮೋರಿಯ ಕಡೆ ಕೈ ತೋರಿಸಿ ನನಗೆ ಹೇಳಿದಳು — "ಬಪ್ಪಾ ಬುಡುಂಗ. ಬಪ್ಪಾ ಇಲ್ಲ." ಆಮೇಲೆ ಎದೆ ಮುಟ್ಟಿಕೊಂಡು — "ಬೇಬಿ ಬುಡುಂಗ ಬೇಡ."

ಹತ್ತನೇ ತಾರೀಕು. ಗಣಪತಿ ಬಿಡುವ ಕೆರೆ, ತಲಾವ್. ಇವರ ತಲೆಯ ಮೇಲೆ ಮಣೆ, ಮಣೆಯ ಮೇಲೆ ಗಣಪತಿ. ಬೇಬಿ ನನ್ನ ಸೊಂಟದಲ್ಲಿ. ಎರಡು ದಿನ ಅವಳೇ ಮೋದಕ ತಿನ್ನಿಸಿದ ಬಪ್ಪಾ. ನೀರಲ್ಲಿ ಮುಳುಗಿಸಿದರು, ಎಲ್ಲರೂ ಜೈಕಾರ ಹಾಕಿದರು. ನಾನು ಅವಳ ಕೈ ಹಿಡಿದು ಚಪ್ಪಾಳೆ ತಟ್ಟಿಸಿದೆ. ಮನೆಗೆ ಬಂದದ್ದು ಖಾಲಿ ಮಣೆ. ಮರುದಿನ ಅದೇ ಮಣೆ ಮೋರಿಗೆ ಹೋಯಿತು. ಅದರ ಮೇಲೆ ಅವಳು. ಅವಳ ತಲೆಗೆ ನೀರು.

ಮಣೆಯನ್ನು ಹೊರಗೆ ಗ್ಯಾಲರಿಯಲ್ಲಿಟ್ಟು ಕಲ್ಲಿನ ಮೇಲೆ ಕೂರಿಸಿ ಮೀಯಿಸಿದೆ. ಎರಡು ಸಲ ಹಿಂತಿರುಗಿ ನೋಡಿದಳು. ಅಳಲಿಲ್ಲ.

ಅತ್ತೆ ಬೇಡ ಅಂದಿದ್ದರು. ಅವರ ಕಾರಣ ಬೇರೆ, ಆದರೂ ಅಂದಿದ್ದರು. ನೀರು ಬಿಸಿ ಇರಲಿಲ್ಲ. ರುಕ್ಮಿಣಿಬಾಯಿಯ ಹತ್ತಿರ ಒಂದು ಮಣೆ ಕೇಳಲಾರದ ನನ್ನ ಹಮ್ಮಿಗೆ ಇಷ್ಟೆಲ್ಲ.

ಅತ್ತೆ ಒಳಗೆ ಸೀರೆ ಮಡಚುತ್ತಿದ್ದಾರೆ. ಹೋಗಿ ಹೇಳಬೇಕು. ಚಹಾ ಕುಡಿದು ಹೇಳುತ್ತೇನೆ.

ಸಂಜೆ ೭

ಹೇಳಲಿಲ್ಲ. "ಬೇಬಿ ಮಿಂದಳಾ?" ಅಂತ ಕೇಳಿದರು. "ಹೂಂ" ಅಂದೆ. ಅವರೂ "ಹೂಂ" ಅಂದರು.

೨೧-೯, ಭಾನುವಾರ. ೧೧ ಗಂಟೆ

ಹನ್ನೆರಡೂವರೆಗೆ ಬಸ್ಸು. ಅತ್ತೆ ಟ್ರಂಕಿನ ಪಕ್ಕ ಕೂತಿದ್ದಾರೆ, ತಲೆ ಬಾಚಿ, ಕುಂಕುಮ ಇಟ್ಟು. ನನ್ನ ಮುಖ ನೋಡುವುದಿಲ್ಲ. ನಾನು ಏನೋ ಲೆಕ್ಕ ಬರೆಯುವವಳ ಹಾಗೆ ಇಲ್ಲಿ ಕೂತಿದ್ದೇನೆ. ಒಂದೇ ವಾಕ್ಯ ಬೇಕು — ಅತ್ತೆ, ನೀವು ಸುಡಲಿಲ್ಲ. ಬರೆಯಲು ಬರುತ್ತದೆ. ಹೇಳಲು ನಾಲಿಗೆ ಏಳುವುದಿಲ್ಲ. ಇಂಥ ಕೆಟ್ಟ ಹೆಂಗಸು ನಾನು.

ಟ್ಯಾಕ್ಸಿ ಬಂತು ಅಂತ ಇವರು ಮೇಲೆ ಬಂದರು. ಮೆಟ್ಟಿಲು ಇಕ್ಕಟ್ಟು. ಟ್ರಂಕನ್ನು ತಲೆಯ ಮೇಲೆ ಎತ್ತಿಕೊಂಡರು. ಅತ್ತೆ ಹಿಂದಿನಿಂದ ಎದ್ದರು.

ಬೇಬಿ ನೋಡಿದಳು. ಇವರ ತಲೆಯ ಮೇಲಿನ ಟ್ರಂಕು ನೋಡಿದಳು. ಓಡಿಹೋಗಿ ಎರಡೂ ಕೈಯಲ್ಲಿ ಅತ್ತೆಯ ಸೆರಗು ಹಿಡಿದು ಕಿರುಚುತ್ತಿದ್ದಾಳೆ — "ಅಜ್ಜಿ ಬುಡುಂಗ ಬೇಡ... ಅಜ್ಜಿ ಬುಡುಂಗ ಬೇಡ..."

ಅತ್ತೆಗೆ ಅರ್ಥವಾಗಿಲ್ಲ. ನನ್ನನ್ನು ನೋಡುತ್ತಿದ್ದಾರೆ. ಮಗು ಎಂತ ಹೇಳುವುದು ಅಂತ ಕೇಳುತ್ತಿದ್ದಾರೆ.

ನನಗೆ ಮಾತ್ರ ಗೊತ್ತು. ನಾನೇ ಹೇಳಬೇಕು. ಪೆನ್ನು ಇಡುತ್ತೇನೆ.