ಕೊನೇ ಪಾಠವಿಲ್ಲದ ಪುಸ್ತಕಗಳು

ಇಸವಿ ೨೨೦೭, ಫೆಬ್ರವರಿ ಮೂವತ್ತು
ಮೂರನೇ ನೆರಳುಬೀದಿ, ಗಂಗಾವತಿ

ಮುತ್ತವ್ವ ಹುಲಿಗೆಮ್ಮನಿಗೆ ನಿನ್ನ ಮೊಮ್ಮಗಳ ಮೊಮ್ಮಗಳು ಇಂಚರಾ ಮಾಡುವ ಶರಣು.

ಫೆಬ್ರವರಿಗೆ ಮೂವತ್ತು ದಿನವೇ ಎಂದು ಬೆಚ್ಚಬೇಡ, ನಮ್ಮ ಕಾಲದ ಪಂಚಾಂಗವೇ ಹಾಗೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೋ. ನಾನು ಅರವತ್ತರವಳು, ನೀನಿನ್ನೂ ಮೂವತ್ತೊಂದರ ಹೆಣ್ಣು. ಆದರೂ ಹಿರಿಯಳು ನೀನೇ.

ನೆರಳುಬೀದಿ ಅಂದರೆ ಬಿಸಿಲು ತಡೆಯಲು ಮೇಲೆ ಬಳ್ಳಿ ಹಬ್ಬಿಸಿದ ರಸ್ತೆ. ಅದಿಲ್ಲದಿದ್ದರೆ ನಮ್ಮಲ್ಲಿ ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ಯಾವ ಬಳ್ಳಿಗೆ ಯಾವ ಹೊತ್ತಿಗೆ ಎಷ್ಟು ನೀರು ಎಂದು ಲೆಕ್ಕ ಹಾಕುವವಳು ನಾನು. ಹನ್ನೊಂದು ಊರಿನ ಮಕ್ಕಳು ಆ ನೆರಳಲ್ಲಿ ಶಾಲೆಗೆ ನಡೆಯುತ್ತಾರೆ. ಈ ಗಣಿತ ನಮ್ಮ ಮನೆಗೆ ಬಂದದ್ದು ನಿನ್ನಿಂದ.

ನೀನು ಗುಜರಿ ಅಂಗಡಿಯಲ್ಲಿ ರದ್ದಿ ಆರಿಸುವವಳು. ತಕ್ಕಡಿಗೆ ಬೀಳುವ ಮುಂಚೆ ಶಾಲೆಪುಸ್ತಕಗಳನ್ನು ಎತ್ತಿಟ್ಟುಕೊಂಡು ಓದಿದೆ. ಗುಜರಿಗೆ ಬರುವ ಪುಸ್ತಕಕ್ಕೆ ಕೊನೇ ಹಾಳೆಗಳು ಎಲ್ಲಿರುತ್ತವೆ! ಗಣಿತವೆಂದರೆ ಅಷ್ಟೇ ಪಾಠ ಅಂದುಕೊಂಡೆ. ಎಸ್ಸೆಸ್ಸೆಲ್ಸಿಗೆ ಕೂತಾಗ ಕೊನೇ ಎರಡು ಪಾಠದ ಪ್ರಶ್ನೆ ಕಂಡು ಕಂಗಾಲಾದೆ. ಅಯ್ಯೋ ನನ್ನವ್ವ, ಯಾರನ್ನಾದರೂ ಕೇಳಬಾರದಿತ್ತೇ? ಕೇಳೋಕೆ ತಾನೇ ಯಾರಿದ್ದರು! ಇವತ್ತಿಗೂ ನಮ್ಮ ಮನೆಯಲ್ಲಿ ಮಗುವಿನ ಕೈಗೆ ಹೊಸ ಪುಸ್ತಕ ಕೊಟ್ಟರೆ ಮೊದಲು ಕೊನೇ ಹಾಳೆ ಇದೆಯೇ ಎಂದು ನೋಡಿಸುತ್ತೇವೆ. ಯಾಕೆ ಅಂತ ಕೇಳಿದರೆ ನಿನ್ನ ಕತೆ ಹೇಳುತ್ತೇವೆ.

ನಮ್ಮಲ್ಲೀಗ ಹಿಂದಿನ ಕಾಲಕ್ಕೂ ಕಾಗದ ಕಳಿಸಬಹುದು; ಇದು ನಿನ್ನ ಕೈಸೇರುವುದು ರಿಸಲ್ಟು ಬಂದ ದಿನ. ನೀನು ಫೇಲು. "ಅಕ್ಷರ ನಮ್ಮಂಥೋರಿಗೆ ಒಗ್ಗೂದಿಲ್ಲ, ಬಿಡು" ಅಂದಿದ್ದಾಳೆ ನಿನ್ನತ್ತೆ. ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿದ್ದೀ, ನಾಳೆ ತಕ್ಕಡಿಗೆ ಹಾಕಲು. ಅವತ್ತು ಒಬ್ಬರೂ ಒಂದು ಒಳ್ಳೇ ಮಾತಾಡಲಿಲ್ಲ ಎಂದು ಮುಂದೆ ನೀನೇ ನೋಟ್‌ಬುಕ್ಕಿನಲ್ಲಿ ಬರೆಯುತ್ತೀ. ಅದನ್ನು ಓದಿದಾಗಲೆಲ್ಲ ನನಗೆ ಅಳು ಬರುತ್ತದೆ. ಆ ಒಂದು ಮಾತು ಹೇಳಲಿಕ್ಕೇ ಈ ಕಾಗದ.

ನಿನ್ನ ಋಣ ಏಳು ಜನ್ಮಕ್ಕೂ ತೀರದು, ಅವ್ವಾ. ಅದಕ್ಕೇ ನಿನಗೆ ಸುಳ್ಳು ಹೇಳಲಾರೆ: ಮುಂದಿನ ಸಲವೂ ನೀನು ಫೇಲು. ಪಾಸಾಗುವುದು ಅದರ ಮುಂದಿನ ಸಲ. ಹೀಗೆ ಮುಂದಿನದನ್ನು ಹೇಳಬಾರದೆಂದು ನಮ್ಮಲ್ಲಿ ಕಾನೂನಿದೆ. ಇರಲಿ, ಈ ವಯಸ್ಸಿನಲ್ಲಿ ನನಗೇನು ಮಾಡಿಯಾರು? ಚೀಲ ಬಿಚ್ಚು. ಎರಡು ತುತ್ತು ಉಣ್ಣು. ಫಾರ್ಮು ತುಂಬು. ಸೋಲುತ್ತೀ ಅಂತ ಗೊತ್ತಿದ್ದೂ, ನಮಗೋಸ್ಕರ, ಒಂದು ಸಲ ಹೋಗಿ ಕೂತು ಬಾ.